ಕಬ್ಬಿನ ಲಾಠಿ

ನರಸೀಪುರ ಬಿಟ್ಟು ಬಸ್ಸು ಬನ್ನೂರಿನ ಕಡೆ ಹೊರಟರೆ ದಾರಿಯಲ್ಲಿ ಒಂದು ಆಲೆಮನೆ ಸಿಗುತ್ತದೆ. ಮಾಗಿಯ ದಿನಗಳಲ್ಲಿ ಬೆಲ್ಲದ ಪಾಕದ ವಾಸನೆ ಕಿಟಕಿಯಿಂದ ಒಳಗೆ ನುಗ್ಗುತ್ತದೆ. ಬಸ್ಸಿನವರೆಲ್ಲ ಮೂಗರಳಿಸಿ ಆಹಾ ಎನ್ನುತ್ತಾರೆ. ನನಗೆ ಹೊಟ್ಟೆ ತೊಳಸುತ್ತದೆ. ಮೊನ್ನೆಯೂ ಹಾಗೇ ಆಯಿತು. ಕರ್ಚೀಫು ಬಾಯಿಗೆ ಒತ್ತಿಕೊಂಡು ಕೂತಿದ್ದೆ. ಪಕ್ಕದ ಸೀಟಿನ ಹೆಂಗಸು, "ಯಾಕ್ ಸಾ, ವಾಂತಿ ಬಂದಂಗಾಯ್ತದಾ? ನಿಂಬೆಹಣ್ಣು ಕೊಡ್ಲಾ?" ಎಂದಳು.

"ಬೆಲ್ಲದ ವಾಸನೆ ಆಗಲ್ಲ ಕಣಮ್ಮ."

"ಅಯ್ಯೋ ಶಿವನೇ, ಬೆಲ್ಲ ಆಗ್ದೇ ಇರೋರ್ನ ಇವತ್ತೇ ಕಂಡಿದ್ದು ನಾನು!" ಎಂದು ನಕ್ಕಳು.

ಬೆಲ್ಲದ ತಪ್ಪೇನೂ ಇಲ್ಲ. ಎರಡು ವರ್ಷದ ಹಿಂದೆ ಇದೇ ಮಾಗಿಯಲ್ಲಿ, ಆ ಆಲೆಮನೆಯ ಹಿಂದಿನ ಗೋಡೆ ಹಿಡಿದುಕೊಂಡು ನಾನು ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿದ್ದೇನೆ. ಅದಕ್ಕೂ ಇಪ್ಪತ್ತು ವರ್ಷದ ಹಿಂದೆ ಒಂದು ಸಲ ನಂಜನಗೂಡಿನಲ್ಲಿ, ಪೊಲೀಸ್ ವ್ಯಾನಿನ ಹಿಂದೆ. ಎರಡು ಸಲವೂ ಒಬ್ಬ ಹೆಣ್ಣುಮಗಳ ಕೈಮೂಳೆ ಮುರಿದ ಮೇಲೆ.

ನಾನು ಪುಟ್ಟಸ್ವಾಮಿ. ಪೊಲೀಸ್ ಇಲಾಖೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಸವೆಸಿ, ಹೆಡ್ ಕಾನ್‌ಸ್ಟೆಬಲ್ ಆಗಿ ಮನೆಗೆ ಬಂದವನು. ನಿವೃತ್ತಿಯಾದ ಮೇಲೆ ಬೆಳಿಗ್ಗೆ ಎದ್ದು ಕಪಿಲೆಯ ದಂಡೆಯವರೆಗೆ ಒಂದು ನಡಿಗೆ, ಆಮೇಲೆ ಪೇಪರು, ಆಮೇಲೆ ಹೆಂಡತಿಯ ಜೊತೆ ಜಗಳ, ಹೀಗೆ ದಿನ ತಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಐವತ್ತು ದಾಟಿದ ಒಬ್ಬ ಹೆಂಗಸು ಗೇಟು ತೆಗೆದು ಒಳಗೆ ಬಂದು, "ನಾನು ರಾಜಮ್ಮ ಅಂತ ಸಾ, ಬನ್ನೂರ್ ಕಡೆಯೋಳು," ಎಂದು ಕೈ ಮುಗಿದಳು. ಮುಗಿದ ಕೈಗಳಲ್ಲಿ ಎಡಗೈ ಮಣಿಕಟ್ಟಿನ ಹತ್ತಿರ ಸೊಟ್ಟಗಿತ್ತು. ಬಲಗೈ ತುಂಬ ಬಳೆ, ಎಡಗೈ ಬೋಳು. ಆ ಕೈ ಕಡೆ ನೋಡದ ಹಾಗೆ ಅವಳನ್ನು ಜಗಲಿಯ ಮೇಲೆ ಕೂರಿಸಿ, ಒಳಗೆ ಕಾಫಿಗೆ ಹೇಳಿದೆ.

"ನಮ್ಮೂರಿನ ಬುದ್ಧವಿಹಾರದಲ್ಲಿ ಬರ್ಮಾದಿಂದ ಒಂಬತ್ತು ಜನ ಬಂದವ್ರೆ ಸಾ. ಅಲ್ಲಿ ಮಿಲಿಟ್ರಿಯೋರು ಸರ್ಕಾರ ಕಿತ್ಕೊಂಡ್ರಲ್ಲಾ. ಬಂದೂಕ ಮುಟ್ಟದೆ ಅವ್ರನ್ನ ಕೆಳಗಿಳಿಸ್ಬೇಕು ಅಂತ ಇವ್ರ ಆಸೆ. ಮೈಸೂರಲ್ಲಿ ಓದ್ತಿದ್ದ ಅವ್ರ ಕಡೆ ಸನ್ನೇಸಿ ಒಬ್ರು, ಭಂತೇಜಿ ಅಂತೀವಿ, ನಮ್ ತಾವ ಕರ್ಕೊಬಂದು ಬಿಟ್ಟವ್ರೆ. ಮುಷ್ಕರ ಎಂಗ್ ಕಟ್ಬೇಕು, ಕಟ್ಟಿದ್ಮ್ಯಾಲೆ ಎಂಗ್ ಉಳಿಸ್ಕೋಬೇಕು ಅಂತ ನಾನು ಏಳ್ಕೊಡ್ತಾವ್ನಿ."

"ಸರಿ. ಅದಕ್ಕೆ ನಾನ್ಯಾಕೆ?"

"ಏಟು ತಿನ್ನೋದು ಕಲಿಸ್ಬೇಕಲ್ಲಾ ಸಾ, ಅದ್ಕೆ ಒಡೆಯೋರು ಬೇಕು. ನಮ್ಮೂರ ಐಕ್ಳು ಒಡೆದ್ರೆ ನಗ್ತಾರೆ. ಒಡೆದು ಅಭ್ಯಾಸ ಇರೋರೇ ಬೇಕು."

ನನಗೆ ನೆತ್ತಿ ಉರಿದುಹೋಯಿತು. "ಏನಮ್ಮಾ, ನನ್ನೇನು ಬಾಡಿಗೆ ರೌಡಿ ಅಂದ್ಕೊಂಡಿದ್ದೀಯಾ?" ಎಂದು ಎದ್ದು ನಿಂತೆ. ಅವಳು ಕಾಫಿ ಲೋಟವನ್ನು ಬಲಗೈಯಿಂದ ಎತ್ತಿ ಎಡಗೈಯಿಂದ ಆನಿಸಿಕೊಂಡು ಕುಡಿದಳು. "ಇದು ನಿಮ್ಮ ನಂಜನಗೂಡಿನ ಗಾರ್ಮೆಂಟ್ಸ್ ಗೇಟಲ್ಲಿ ಆಗಿದ್ದು. ನೀವೂ ಅವತ್ತು ಬಂದೋಬಸ್ತಿಗೆ ಇದ್ರಿ ಅಂದ್ರು. ಯಾರು ಮುರಿದ್ರೋ ಏನೋ, ಎಲ್ರೂ ಕಬ್ಬಣದ ಟೋಪಿ ಆಕೊಂಡಿದ್ರಲ್ಲಾ, ಮೊಖ ಕಾಣ್ಲಿಲ್ಲ. ನಂಗೆ ಯಾರ ಮ್ಯಾಲೂ ಸಿಟ್ಟಿಲ್ಲ. ಬತ್ತೀರಾ ಸಾ?"

ಒಪ್ಪಿಕೊಂಡೆ. ಬರಲ್ಲ ಅಂದರೆ ಯಾಕೆ ಬರಲ್ಲ ಅಂತ ಕೇಳಿಬಿಟ್ಟಾಳು ಅನ್ನುವ ಭಯಕ್ಕೆ ಒಪ್ಪಿಕೊಂಡೆ.

ಆ ಗೇಟಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕೈಗಾರಿಕಾ ಪ್ರದೇಶದಲ್ಲಿ ಆಗ ಒಂದು ಗಾರ್ಮೆಂಟ್ಸ್ ಇತ್ತು, ಈಗ ಮುಚ್ಚಿಹೋಗಿದೆ. ಅಲ್ಲಿ ಹೆಂಗಸರು ಪಾಯಿಖಾನೆಗೆ ಹೋಗಬೇಕಾದರೂ ಸೂಪರ್‌ವೈಸರ್ ಹತ್ತಿರ ಟೋಕನ್ ಇಸಕೊಳ್ಳಬೇಕಿತ್ತು. ಅದನ್ನು ತೆಗೀರಿ ಅಂತ ಅವರು ಗೇಟಿನ ಮುಂದೆ ಕೂತರು. ಹನ್ನೊಂದು ದಿನ ಕೂತರು. ಬಂದೋಬಸ್ತಿಗೆ ಹೊರಗಿನಿಂದ ಬಂದ ತುಕಡಿಯಲ್ಲಿ ನಾನಿದ್ದೆ. ಮಧ್ಯಾಹ್ನವಾದರೆ ಆ ಹೆಂಗಸರು ಡಬ್ಬಿ ಬಿಚ್ಚುವ ಮೊದಲು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ, "ಊಟ ಆಯ್ತಾ ಸಾ?" ಎಂದು ಕೇಳುತ್ತಿದ್ದರು. ನಮ್ಮಲ್ಲಿ ಕೆಲವರು ಅವರ ಡಬ್ಬಿ ಮುಟ್ಟಲಿಲ್ಲ. ಯಾಕೆ ಅಂತ ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ತಿಂದೆ. ಹನ್ನೊಂದನೇ ದಿನ ಹಸಿರು ಬಳೆಯ ಒಬ್ಬಳು ಡಬ್ಬಿಯ ಮುಚ್ಚಳದಲ್ಲಿ ಚಿತ್ರಾನ್ನ ಹಾಕಿಕೊಟ್ಟಳು. ತಿಂದು, ಕೈತೊಳೆದು, ಹೆಲ್ಮೆಟ್ ಹಾಕಿಕೊಂಡೆ. ಸಾಹೇಬರು ಸೀಟಿ ಊದಿದರು.

ಲಾಠಿಯಲ್ಲಿ ಸೊಂಟದ ಕೆಳಗೆ ಹೊಡೆಯಬೇಕು ಅಂತ ನಮಗೆ ಪಾಠ. ಕೂತವರಿಗೆ ಸೊಂಟದ ಕೆಳಗೆ ಅನ್ನುವುದೇ ಇರುವುದಿಲ್ಲ. ತಲೆ, ಹೆಗಲು, ಕೈ ಇಷ್ಟೇ ಸಿಗುವುದು. ಮೊದಲ ಮೂರು ನಾಲ್ಕು ಏಟಿಗೆ ಹಿಂಜರಿಕೆ ಇತ್ತು. ಆಮೇಲೆ ಕೈಗೆ ಒಂಥರಾ ಖುಷಿ ಹತ್ತಿತು, ಸುಳ್ಳು ಯಾಕೆ ಹೇಳಲಿ. ಕಿರುಚಾಟ ಕೇಳಿದಷ್ಟೂ ಇನ್ನೂ ಹೊಡೆಯಬೇಕು ಅನಿಸುತ್ತದೆ. ಒಬ್ಬಳ ತಲೆ ಒಡೆದು ರಕ್ತ ಕಣ್ಣಿಗೆ ಇಳಿದು ಅವಳು ತಡಕಾಡುತ್ತಿದ್ದಳು. ಅವಳ ತಲೆಯ ಮೇಲೆ ಇನ್ನೊಬ್ಬಳು ಕೈ ಅಡ್ಡ ಇಟ್ಟಳು. ಆ ಕೈ ಮೇಲೆ ನನ್ನ ಲಾಠಿ ಬಿತ್ತು. ಲಟಕ್ ಅಂದಿತು. ಹಸಿರು ಬಳೆಯ ಚೂರು ಸಿಡಿದು ನನ್ನ ಬೂಟಿನ ಮೇಲೆ ಬಿದ್ದವು. ಎರಡನೇ ಏಟಿಗೆ ಎತ್ತಿದೆ. ಅವಳು ಓಡಲಿಲ್ಲ, ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಮುರಿದ ಕೈಯನ್ನು ಅಲ್ಲೇ, ಆ ರಕ್ತದ ತಲೆಯ ಮೇಲೇ ಇಟ್ಟುಕೊಂಡು ಕೂತಳು. ನನ್ನ ಕೈ ಇಳಿಯಲಿಲ್ಲ. ವ್ಯಾನಿನ ಹಿಂದೆ ಹೋಗಿ ಅವಳು ಕೊಟ್ಟ ಚಿತ್ರಾನ್ನವನ್ನೆಲ್ಲ ಕಕ್ಕಿದೆ. ಅವತ್ತಿನಿಂದ ನಾನು ಲಾಠಿ ಎತ್ತಿಲ್ಲ. ಕೈಕಾಲು ಹಿಡಿದು ಠಾಣೆಯಲ್ಲಿ ಬರೆಯುವ ಕೆಲಸ ಹಾಕಿಸಿಕೊಂಡೆ, ಸಮನ್ಸ್ ಹಂಚಿದೆ, ಹೀಗೇ ಸರ್ವೀಸು ಮುಗಿಸಿದೆ. ಸೊಂಟನೋವು ಅಂತ ಎಲ್ಲರಿಗೂ ಹೇಳಿದ್ದೆ. ಹೆಂಡತಿಗೂ ಅದೇ ಹೇಳಿದ್ದೆ.

ಮೊದಲ ದಿನ ಹಳೇ ಲಾಠಿ ಹಿಡಿದುಕೊಂಡೇ ಹೋದೆ. ರಾಜಮ್ಮ ಅದನ್ನು ಕಸಿದು ವಿಹಾರದ ಮೂಲೆಗೆ ಒರಗಿಸಿದಳು. "ಇದ್ಯಾಕ್ ಸಾ ತಂದ್ರಿ, ಮೂಳೆ ಮುರಿಯಕ್ಕಾ? ನಮ್ ತಾವ ಕಬ್ಬಿನ ಲಾಠಿ," ಎಂದು ಒಂದು ಹೊರೆ ಜಲ್ಲೆ ತೋರಿಸಿದಳು. ಪಕ್ಕದ ಆಲೆಮನೆಯಿಂದ ತಂದದ್ದು. ಕಬ್ಬಿನ ತುದಿಯ ಕಡೆ ಎಳಸು, ಗಿಣ್ಣು ಹತ್ತಿರ ಹತ್ತಿರ, ಬೆನ್ನ ಮೇಲೆ ಬಿದ್ದರೆ ಚಟ್ ಅಂತ ಸದ್ದು ಮಾಡಿ ಮುರಿಯುತ್ತದೆ. ಬರೆ ಏಳುತ್ತದೆ, ಮೂಳೆಗೆ ಏನೂ ಆಗುವುದಿಲ್ಲ. ಬುಡದ ಕಡೆಯದು ಹಾಗಲ್ಲ, ಕಟ್ಟಿಗೆ. "ತುದಿ ಮಾತ್ರ ಸಾ. ಬುಡ ಮುಟ್ಬ್ಯಾಡಿ. ಜಲ್ಲೆ ಮುರೀಬೇಕು, ಜನ ಮುರೀಬಾರ್ದು." ಅಲ್ಲಿ ಇದ್ದ ಕಟ್ಟುಪಾಡು ಇದೊಂದೇ.

ವಿಹಾರದ ಹಿಂದಿನ ಕಣದಲ್ಲಿ ಒಂಬತ್ತು ಜನ ಕೂರುತ್ತಿದ್ದರು. ಒಬ್ಬರು ಮೇಷ್ಟ್ರು, ಇಬ್ಬರು ರೈಲ್ವೆಯವರು, ಮಿಕ್ಕವರು ಕಾಲೇಜಿನವರು, ಆಸ್ಪತ್ರೆಯವರು. ಕೈಗೆ ಕೈ ಸೇರಿಸಿ, ಗದ್ದ ಎದೆಗೆ ಒತ್ತಿ, ಹೆಬ್ಬೆರಳು ಮುಷ್ಟಿಯೊಳಗೆ ಮುಚ್ಚಿ ಕೂರುವುದು. ಅಂಜುಬುರುಕರು ಮಧ್ಯೆ, ಗಟ್ಟಿಗರು ಅಂಚಿಗೆ. ನಾನು ಕೂಗಾಡುತ್ತಾ ಬಂದು ಹೊಡೆಯುವುದು. ಅವರು ನನ್ನ ಊರು ಕೇಳಬೇಕು, ಹೆಸರು ಕೇಳಬೇಕು, ಊಟ ಆಯ್ತಾ ಅಂತ ಕೇಳಬೇಕು. ಆ ಮೂರು ಮಾತು ಕನ್ನಡದಲ್ಲೇ ಕಲಿತಿದ್ದರು. ಹೊಡೆತ ತಿನ್ನುತ್ತಾ "ಊಟ ಆಯ್ತಾ ಸಾ" ಅಂತ ಅವರು ಅರಚುವಾಗ ಅದು ಕಿವಿಗೆ ಬೀಳದಿರಲಿ ಅಂತ ನಾನು ಇನ್ನೂ ಜೋರಾಗಿ ಕೂಗುತ್ತಿದ್ದೆ.

"ಮ್ಯಾಲೆ ಕೂತೋನು ಒಬ್ನೇ ಕಣ್ರಪ್ಪಾ," ಎಂದು ರಾಜಮ್ಮ ಅವರಿಗೆ ಹೇಳುತ್ತಿದ್ದಳು. "ಅವನು ತಾನಾಗಿ ಬಂದು ಒಡೆಯಾಕಿಲ್ಲ. ಒಡೆಯೋ ಕೈ ಬ್ಯಾರೆಯೋರದು. ಆ ಕೈ ನಿಂತೋದ್ರೆ ಅವನ ಆಟ ಮುಗೀತು. ಒಡೆಯೋನ ಒಟ್ಟೆ ಒಳಗೆ ನಿಮ್ಮನೆ ಅನ್ನ ಇರ್ಬೇಕು."

ಇದನ್ನೆಲ್ಲ ಬರ್ಮಾ ಮಾತಿಗೆ ತಿರುಗಿಸುತ್ತಿದ್ದವಳು ಖಿನ್. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ. ಮೈಸೂರಿನಲ್ಲಿ ನಾಲ್ಕು ವರ್ಷ ನರ್ಸಿಂಗ್ ಓದಿ ತನ್ನೂರಿಗೆ ವಾಪಸ್ಸು ಹೋಗಿದ್ದವಳು. ಅವಳ ಕನ್ನಡವೆಲ್ಲ ವಾರ್ಡಿನ ಕನ್ನಡ. ನನ್ನನ್ನು ಮೊದಲು ಕಂಡಾಗ, "ಅಂಕಲ್, ಬಿಪಿ ಇದೆಯಾ? ಶುಗರ್?" ಎಂದಿದ್ದಳು. ರಾಜಮ್ಮ ಅವಳನ್ನು ಕಿನ್ನಮ್ಮ ಎಂದು ಕರೆಯುತ್ತಿದ್ದಳು. ಕಿನ್ನಮ್ಮನಿಗೆ ರಾಜಮ್ಮನ ಪಾಠದ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಅವಳು ಕಂಡದ್ದು ಹಾಗಿತ್ತು. ತೊಡೆಯಲ್ಲಿ ಗುಂಡು ಹೊಕ್ಕ ಒಬ್ಬನನ್ನು ಅವಳ ವಾರ್ಡಿನಿಂದಲೇ ಸೈನಿಕರು ಎಳೆದೊಯ್ದಿದ್ದರು. ಕಾಲು ಹಿಡಿದು, ಗ್ಲುಕೋಸ್ ಬಾಟಲಿಯ ಸಮೇತ. ಬಾಟಲಿ ನೇತುಹಾಕಿದ್ದ ಕಂಬಿ ಉರುಳಿ, ನೆಲದ ಮೇಲೆ ಉದ್ದಕ್ಕೂ ರಕ್ತದ ಗೀಟು. ತಡೆಯಲು ಹೋದ ದೊಡ್ಡ ಡಾಕ್ಟರ ದವಡೆಯನ್ನು ಬಂದೂಕಿನ ಹಿಡಿಯಿಂದ ಒಡೆದರು. ಅವರ ಹಲ್ಲುಗಳನ್ನು ಆರಿಸಿ ಟ್ರೇಯಲ್ಲಿ ಹಾಕಿದವಳು ಇವಳೇ. "ನಾನು ಡಾಕ್ಟರಿಗೆ ಹೊಡೆದ ಆ ಸೋಲ್ಜರ್‌ಗೆ ಬೆಳಿಗ್ಗೆ ಇಂಜೆಕ್ಷನ್ ಕೊಟ್ಟಿದ್ದೆ ಅಂಕಲ್. ಜ್ವರಕ್ಕೆ," ಎಂದಳು ಒಂದು ದಿನ.

ಅವಳ ತಮ್ಮ ಆಗಲೇ ಕಾಡು ಸೇರಿ ಬಂದೂಕು ಹಿಡಿದಿದ್ದ. ಬಾ ಅಕ್ಕ, ನರ್ಸು ಬೇಕು, ಇಲ್ಲಿ ನರ್ಸಿಗೂ ಬಂದೂಕು ಕೊಡುತ್ತೇವೆ ಅಂತ ಫೋನು ಮಾಡುತ್ತಿದ್ದ. ಅವಳ ಆಸ್ಪತ್ರೆಯಲ್ಲಿ ಮಿಕ್ಕ ನರ್ಸುಗಳು ಮುಷ್ಕರ ಕೂರಲು ಇವಳ ದಾರಿ ನೋಡುತ್ತಿದ್ದರು. ಗಡಿ ದಾಟಿದ ಮೇಲೆ ಎರಡು ದಾರಿ, ಒಂದು ಕಾಡಿಗೆ, ಒಂದು ಊರಿಗೆ. ಶಿಬಿರ ಮುಗಿಯುವುದರೊಳಗೆ ಯಾವುದು ಅಂತ ಅವಳು ತೀರ್ಮಾನ ಮಾಡಬೇಕಿತ್ತು. ಊರಿಗೇ ಹೋಗಲಿ ಅಂತ ರಾಜಮ್ಮ ದಿನಾ ಬುದ್ಧನ ಮುಂದೆ ದೀಪ ಹಚ್ಚುತ್ತಿದ್ದಳು.

ಮೂರನೇ ವಾರದ ಒಂದು ಮಧ್ಯಾಹ್ನ. ಮುದ್ದೆ ಸಾರು ಉಂಡು ಹೊಂಗೆ ಮರದ ಕೆಳಗೆ ಕೂತಿದ್ದೆವು. ಖಿನ್ ನನ್ನ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತಳು.

"ಅಂಕಲ್, ನೀವು ನಿಜವಾಗಿ ಜನರಿಗೆ ಹೊಡೆದಿದ್ದೀರಿ. ಕೂತವರನ್ನು ನೋಡಿ ನಿಮ್ಮ ಕೈ ಯಾವತ್ತಾದರೂ ನಿಂತಿದೆಯಾ? ಒಂದು ಸಲ?"

ರಾಜಮ್ಮ ಎಲೆ ಅಡಿಕೆ ಹಾಕಿಕೊಳ್ಳುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. ಬಲಗೈ ಸುಮ್ಮನೆ ಎಡಗೈಯ ಸೊಟ್ಟವನ್ನು ಸವರುತ್ತಿತ್ತು. ಹೌದು ಅಂದರೆ ಯಾವತ್ತು ಅಂತ ಕೇಳುತ್ತಾಳೆ. ಯಾವತ್ತು ಅಂದರೆ ಯಾರದು ಅಂತ ಕೇಳುತ್ತಾಳೆ.

"ಇಲ್ಲಮ್ಮ," ಎಂದೆ. "ಆರ್ಡರ್ ಅಂದ್ರೆ ಆರ್ಡರ್. ಯಾರೂ ನಿಲ್ಸಲ್ಲ."

ಖಿನ್ ತಲೆಯಾಡಿಸಿದಳು. ರಿಪೋರ್ಟು ನೋಡಿದ ನರ್ಸಿನ ಹಾಗೆ, ಅಷ್ಟೇ. ಎದ್ದು ಹೋಗಿ ಗದ್ದೆ ಬದುವಿನ ಮೇಲೆ ನಿಂತು ಫೋನು ಮಾಡಿದಳು. ಭಾಷೆ ತಿಳಿಯದಿದ್ದರೂ ತಮ್ಮನ ಜೊತೆ ಮಾತಾಡುತ್ತಿದ್ದಾಳೆ ಅಂತ ಗೊತ್ತಾಯಿತು. "ಕಾಡಿಗೇ ಬತ್ತೀನಿ ಅಂದ್ಬುಟ್ಲಂತೆ," ಎಂದು ಸಂಜೆ ಹೊತ್ತಿಗೆ ರಾಜಮ್ಮ ಅತ್ತುಕೊಂಡಳು. "ನೀವು ಇಂಗಂದ್ಬುಟ್ರಲ್ಲಾ ಸಾ. ಒಬ್ರೂ ನಿಲ್ಸಲಿಲ್ವಾ? ನಿಜವಾಗ್ಲೂ ಒಬ್ರೂ?" ನಾನು ಬಸ್ಸಿಗೆ ಹೊತ್ತಾಯಿತು ಅಂತ ಎದ್ದುಬಂದೆ. ಥೂ, ಎಂಥ ಬಾಳು ಅದು.

ಮಾರನೇ ಬೆಳಿಗ್ಗೆ ಖಿನ್ ಅಂಚಿಗೆ ಕೂತಳು. ಗದ್ದ ಎದೆಗೆ ಒತ್ತಲಿಲ್ಲ. ಪಕ್ಕದವರ ಕೈ ಹಿಡಿಯಲಿಲ್ಲ. ನೆಟ್ಟಗೆ ನನ್ನ ಕಣ್ಣನ್ನೇ ನೋಡುತ್ತಿದ್ದಳು. ಹೊಡೆದೆ. ಜಲ್ಲೆ ಮುರಿಯಿತು. "ಇನ್ನೂ," ಎಂದಳು. ಇನ್ನೊಂದು ತಗೊಂಡು ಹೊಡೆದೆ. ಅದೂ ಮುರಿಯಿತು. "ಅಂಕಲ್, ಇದು ಆಟ. ನಮ್ಮ ಸೋಲ್ಜರ್ ಹೀಗೆ ಹೊಡೆಯಲ್ಲ. ಆರ್ಡರ್ ಅಂದ್ರೆ ಆರ್ಡರ್ ಅಲ್ಲವಾ? ಹೊಡೀರಿ. ಇವರು ನೋಡಲಿ, ಸುಮ್ಮನೆ ಕೂತರೆ ಏನಾಗುತ್ತೆ ಅಂತ." ಮೂರನೆಯದು. ಅವಳ ರವಿಕೆಯ ತೋಳು ಹರಿದು ಬರೆಯಿಂದ ರಕ್ತ ಜಿನುಗಿತು. "ನೀವು ಪೊಲೀಸ್ ಅಲ್ಲ. ಕಬ್ಬು ಮಾರೋರು," ಎಂದು ನಕ್ಕಳು. ನಕ್ಕು, ನನ್ನ ಬೂಟಿನ ಹತ್ತಿರ ಉಗಿದಳು.

ಇಪ್ಪತ್ತು ವರ್ಷ ಎಲ್ಲಿ ಅಡಗಿ ಕೂತಿತ್ತೋ ಆ ಪಿಶಾಚಿ, ಒಂದೇ ಸಲಕ್ಕೆ ಕೈಗೆ ಇಳಿಯಿತು. ಹೊರೆಯ ಕಡೆ ತಿರುಗಿದೆ. ಹೊರೆಯ ಅಡಿಯಲ್ಲಿ ಒಂದೆರಡು ಇಡೀ ಕಬ್ಬು ಬುಡದ ಸಮೇತ ಇದ್ದವು. ಗೊತ್ತಿದ್ದೇ ತೆಗೆದೆ. ತಿಳಿಯದೆ ತೆಗೆದೆ ಅಂತ ಹೇಳಿಕೊಂಡರೆ ನನ್ನ ನಾಲಿಗೆಗೆ ಹುಳ ಬೀಳಲಿ. ಮೊಣಕಾಲಿಗೆ ಕೊಟ್ಟು ತುದಿ ಮುರಿದು ಬಿಸಾಕಿ, ಬುಡ ಹಿಡಿದು ಬೀಸಿದೆ. ರಾಜಮ್ಮ "ಸಾ, ಸಾ, ಬುಡ, ಬುಡ" ಅಂತ ಕೂಗುತ್ತಾ ಓಡಿಬಂದಳು. ಖಿನ್ ಕೈ ಅಡ್ಡ ತಂದಳು. ಲಟಕ್.

ಅದೇ ಸದ್ದು. ಎಲ್ಲೇ ಕೇಳಿಸಿದರೂ ನಾನು ಗುರುತು ಹಿಡಿಯುವ ಸದ್ದು.

ಮುಂಗೈ ಮಧ್ಯದಲ್ಲಿ ಬಗ್ಗಿ ನೇತಾಡಿತು. ಎರಡನೇ ಏಟಿಗೆ ನನ್ನ ಕೈ ಆಗಲೇ ಮೇಲೆ ಹೋಗಿತ್ತು. ಮಿಕ್ಕ ಎಂಟು ಜನ ಎದ್ದು ಓಡಲಿಲ್ಲ. ಕೂತಲ್ಲೇ ಜರುಗಿ ಜರುಗಿ ಬಂದು ಅವಳ ಸುತ್ತ ಒತ್ತಿಕೊಂಡರು, ಒಬ್ಬರ ತಲೆ ಮೇಲೆ ಒಬ್ಬರು ಕೈಯಿಟ್ಟು. ಆ ಗುಂಪಿನ ನಡುವಿನಿಂದ ಖಿನ್ ನನ್ನನ್ನು ನೋಡಿದಳು. ತುಟಿ ಕಚ್ಚಿ ರಕ್ತ ಬಂದಿತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ಅಂಕಲ್," ಎಂದಳು, "ಊಟ ಆಯ್ತಾ?"

ಅಣಕಿಸಿ ಕೇಳಿದಳೋ, ಕಲಿತ ಪಾಠ ಬಾಯಿಗೆ ಬಂತೋ, ಇವತ್ತಿಗೂ ಗೊತ್ತಿಲ್ಲ. ಜಲ್ಲೆ ಎಸೆದು ಓಡಿದೆ. ಆಲೆಮನೆಯ ಹಿಂದಿನ ಗೋಡೆಗೆ ಹಣೆ ಕೊಟ್ಟು ಬೆಳಗಿನ ತಿಂಡಿಯನ್ನೆಲ್ಲ ಕಕ್ಕಿದೆ. ಒಳಗೆ ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು. ಆ ವಾಸನೆ ಮೂಗಿನಲ್ಲಿ ಕೂತದ್ದು ಅವಾಗಲೇ.

ರಾಜಮ್ಮ ಹಿಂದೆಯೇ ಬಂದಳು. "ಏನ್ ಮಾಡಿದ್ರಿ ಸಾ ನೀವು? ಉಚ್ಚು ಗಿಚ್ಚು ಇಡೀತಾ?"

"ಆ ಕೈ ನಾನೇ ಮುರಿದದ್ದು," ಎಂದೆ.

"ನೀವಲ್ದೆ ಇನ್ಯಾರು? ಕಣ್ಣಾರೆ ಕಂಡ್ನಲ್ಲಾ."

"ಆ ಹುಡುಗಿದಲ್ಲ ರಾಜಮ್ಮ. ನಿಂದು. ಹಸಿರು ಬಳೆ ಹಾಕಿದ್ದೆ. ನಂಗೆ ಚಿತ್ರಾನ್ನ ಕೊಟ್ಟಿದ್ದೆ. ತಿಂದು, ನಿನ್ ಕೈ ಮುರಿದೆ. ಆಮೇಲೆ ವ್ಯಾನಿನ ಹಿಂದೆ ಹೋಗಿ ಹಿಂಗೇ ಕಕ್ಕಿದೆ."

ಅವಳಿಗೆ ಇದು ಗೊತ್ತಿತ್ತು ಅಂದುಕೊಳ್ಳಬೇಡಿ. ಒಮ್ಮೆ ತನ್ನ ಕೈ ನೋಡಿಕೊಂಡಳು, ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಬಾರಿಸಿದಳು. ಸೊಟ್ಟಗಿದ್ದ ಆ ಎಡಗೈಯಲ್ಲೇ ಕೆನ್ನೆಗೆ ಫಟಾರನೆ ಕೊಟ್ಟಳು. ಒಂದು ಸಾಲದೆ ಇನ್ನೊಂದು, ಇನ್ನೊಂದು. ನನ್ನ ಕನ್ನಡಕ ಆಲೆಮನೆಯ ಬೂದಿಗುಂಡಿಗೆ ಹಾರಿತು. ಮೂಗಿನಿಂದ ರಕ್ತ ಇಳಿದು ಅಂಗಿಗೆ ಬಿತ್ತು. ಮುರಿದು ಕೂಡಿದ ಮೂಳೆಗೆ ನೋವಾಗಿ ಅವಳೇ ಅಮ್ಮಾ ಎಂದು ಕೈ ಹಿಡಿದುಕೊಂಡು ನೆಲಕ್ಕೆ ಕುಸಿದಳು. "ಅವತ್ತಿಂದ ಯಾರ ಮ್ಯಾಲೂ ಕೈ ಎತ್ತಿರಲಿಲ್ಲ ಕಣಯ್ಯಾ ನಾನು," ಎಂದು ಎದೆ ಎದೆ ಬಡಿದುಕೊಂಡು ಅತ್ತಳು. ನಾನು ಮಾಫಿ ಅನ್ನುವ ಮಾತು ಎತ್ತಿದೆನೋ ಇಲ್ಲವೋ, "ಮುಚ್ಚಯ್ಯಾ ಬಾಯಿ! ಮಾಪಿ ಗೀಪಿ ಏನೂ ಬ್ಯಾಡ. ಅವಳತ್ರ ಓಗಿ ಬೊಗಳು," ಎಂದು ಎದ್ದು ನನ್ನ ಅಂಗಿಯ ಕೊರಳಪಟ್ಟಿ ಹಿಡಿದು ದರದರ ಎಳೆದುಕೊಂಡು ಹೋದಳು.

ಕಣದಲ್ಲಿ ಖಿನ್ ತನ್ನ ಕೈಗೆ ತಾನೇ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದಳು. ಮುರಿದ ಜಲ್ಲೆಯನ್ನೇ ಸೀಳಿ ಎರಡು ಕಡೆ ಇಟ್ಟು, ಟವೆಲಿನಿಂದ ಸುತ್ತಿ, ಹೀಗೆ ಬಿಗಿಯಿರಿ ಹಾಗೆ ಬಿಗಿಯಿರಿ ಅಂತ ಮೇಷ್ಟ್ರಿಗೆ ಹೇಳುತ್ತಿದ್ದಳು. ಮುಖ ಬಿಳಿಚಿತ್ತು. ಅವಳ ಮುಂದೆ ಕೂತು ಎಲ್ಲ ಹೇಳಿದೆ. ಸೀಟಿ, ಕೈಗೆ ಹತ್ತಿದ ಖುಷಿ, ಬಳೆ ಚೂರು, ವ್ಯಾನು. ಒಂದನ್ನೂ ಬಿಡಲಿಲ್ಲ. ಅವಳು ರೋಗಿಯನ್ನು ಕೇಳುವ ಹಾಗೆ ಕೇಳಿದಳು.

"ಎರಡನೇ ಏಟು?"

"ಹೊಡೀಲಿಲ್ಲ."

"ಎಷ್ಟು ದಿನ ಆದಮೇಲೆ ಲಾಠಿ ಬಿಟ್ಟಿರಿ?"

"ಅವತ್ತೇ."

"ಯಾರಿಗೆ ಹೇಳಿದಿರಿ?"

"ಯಾರಿಗೂ ಇಲ್ಲ. ಸೊಂಟನೋವು ಅಂದೆ."

"ಹೇಳಿದ್ದರೆ ಇನ್ನೊಬ್ಬ ಬಿಡುತ್ತಿದ್ದ," ಎಂದಳು. "ನಿನ್ನೆ ನೀವು ಸುಳ್ಳು ಹೇಳಿದಿರಿ. ಆ ಸುಳ್ಳಿಗೆ ನಾನು ಬಂದೂಕು ತಗೋತಾ ಇದ್ದೆ. ಎಷ್ಟು ಜನರನ್ನು ಕೊಲ್ಲುತ್ತಿದ್ದೆ, ಗೊತ್ತಾ ಅಂಕಲ್?"

ನರಸೀಪುರದಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿದೆವು. ಹೇಗಾಯಿತು ಅಂತ ಡಾಕ್ಟರು ಕೇಳಿದಾಗ ನಾನು ಬಾಯಿ ತೆರೆದೆ. ಖಿನ್ ಸರಿಯಿದ್ದ ಕೈಯಿಂದ ನನ್ನನ್ನು ತಿವಿದು, "ಕಬ್ಬಿನ ಗದ್ದೆ, ಸ್ಲಿಪ್ ಆಯಿತು ಡಾಕ್ಟರ್," ಎಂದಳು. ಹೊರಗೆ ಬಂದ ಮೇಲೆ, ಶಿಬಿರ ಮುಚ್ಚಿಸಬೇಕಾ ನಿಮಗೆ, ನಿಮ್ಮ ಶಿಕ್ಷೆ ನಾನು ಕೊಡುತ್ತೇನೆ ಎಂದು ಗದರಿದಳು. ಅವಳು ಕೊಟ್ಟ ಶಿಕ್ಷೆ ಇಷ್ಟು: ಆ ದಿನದ ಗೇಟಿನ ಕಥೆಯನ್ನು ನನ್ನ ಕೈಯಾರೆ ಬರೆದುಕೊಡಬೇಕು. ಸರ್ವೀಸಿನಲ್ಲಿ ಪಂಚನಾಮೆ, ಹೇಳಿಕೆ ಅಂತ ರಾಶಿ ರಾಶಿ ಬರೆದವನು ನಾನು. ಈ ಎರಡು ಪುಟ ಬರೆಯಲು ಮೂರು ದಿನ ಹಿಡಿಯಿತು. ಮೊದಲ ಸಲ ಬರೆದದ್ದನ್ನು ಓದಿ ಅವಳು ಹರಿದಳು. "ಲಾಠಿ ಬಿತ್ತು ಅಂತ ಬರೆದಿದ್ದೀರಿ. ಲಾಠಿ ತಾನೇ ಬೀಳುತ್ತಾ?" ಎಂದಳು. ನಾನು ಹೊಡೆದೆ ಎಂದು ತಿದ್ದಿ ಬರೆದೆ.

ಎರಡು ವಾರ ಕಳೆದು ಪ್ಲಾಸ್ಟರ್ ಕೈಯಲ್ಲೇ ಹೊರಟಳು. ಆ ಎರಡು ಪುಟ ಅವಳ ಚೀಲದಲ್ಲಿತ್ತು. ಕಾಡಿಗೋ ಊರಿಗೋ ಅಂತ ಕೇಳಲು ನನಗೆ ಧೈರ್ಯ ಸಾಲಲಿಲ್ಲ.

ಮಳೆಗಾಲ ಹತ್ತುವ ಮುಂಚೆ ಸುದ್ದಿ ಬಂತು. ಆ ಮೇಷ್ಟ್ರು ಭಂತೇಜಿಗೆ ಹೇಳಿ, ಅವರು ರಾಜಮ್ಮನಿಗೆ ಹೇಳಿ, ಅವಳು ನಂಜನಗೂಡಿಗೆ ಬಸ್ಸು ಹತ್ತಿ ಬಂದು ನನ್ನ ಜಗಲಿಯ ಮೇಲೆ ಕೂತು ಹೇಳಿದಳು. ಖಿನ್ ಊರಿಗೇ ಹೋಗಿದ್ದಳು. ನರ್ಸುಗಳು, ಆಯಾಗಳು ಆಸ್ಪತ್ರೆಯ ಗೇಟಿನಲ್ಲಿ ಆರು ದಿನ ಕೂತರು. ದಿನಾ ಎದುರಿಗಿದ್ದ ಸೈನಿಕರಿಗೆ ಅನ್ನದ ಪೊಟ್ಟಣ ಕೊಟ್ಟರು. ಪೊಟ್ಟಣದ ಅಡಿಯಲ್ಲಿ ಒಂದು ಮಡಿಸಿದ ಕಾಗದ, ನಾನು ಬರೆದದ್ದು, ಬರ್ಮಾ ಮಾತಿನಲ್ಲಿ. ಏಳನೇ ದಿನ ಮೊದಲು ದೊಣ್ಣೆ, ಆಮೇಲೆ ಗುಂಡು. ಇಬ್ಬರು ಅಲ್ಲೇ ಸತ್ತರು. ಖಿನ್‌ಗೆ ಬಂದೂಕಿನ ಹಿಡಿಯಿಂದ ಹೊಡೆದು ಅದೇ ಕೈ ಮತ್ತೆ ಮುರಿದು ಅವಳನ್ನು ಜೈಲಿಗೆ ಹಾಕಿದರು.

"ನಾವೇ ಸಾಯಕ್ಕೆ ಕಳಿಸಿದ್ವಾ ರಾಜಮ್ಮ? ನನ್ನ ಕಾಗದ ನಂಬಿ ಹೋದಳಲ್ಲಾ."

"ಅವಳ ತಮ್ಮ ಬಂದೂಕ ಇಡ್ಕೊಂಡೇ ಓದ, ಅವನ ಪೋನು ಬಂದು ತಿಂಗಳಾಯ್ತಂತೆ," ಎಂದಳು ರಾಜಮ್ಮ. "ಯಾವ್ದು ಸರಿ ಅಂತ ನಂಗೊತ್ತಿಲ್ಲ ಸಾ. ಗೊತ್ತಿರೋಳಂಗೆ ನಾಟಕ ಆಡಾಕಿಲ್ಲ." ಸೆರಗಿನಲ್ಲಿ ಮುಖ ಒರೆಸಿಕೊಂಡು, "ಇನ್ನೊಂದ್ ವಿಚಾರ ಬಂದೈತೆ," ಎಂದಳು. ಗುಂಡು ಹಾರಿದ ಮೇಲೆ ಒಬ್ಬ ಸೈನಿಕ ಲಾರಿಯ ಹಿಂದೆ ಹೋಗಿ ಚಕ್ರ ಹಿಡಿದುಕೊಂಡು ವಾಂತಿ ಮಾಡುತ್ತಿದ್ದುದನ್ನು ಒಬ್ಬ ಆಯಾ ನೋಡಿದ್ದಾಳೆ. ಮಾರನೇ ದಿನದ ಸಾಲಿನಲ್ಲಿ ಅವನು ಇರಲಿಲ್ಲವಂತೆ. ಓಡಿಹೋದನೋ, ಅವರೇ ಮುಗಿಸಿದರೋ, ಬರೀ ಅನ್ನ ಕೆಟ್ಟಿತ್ತೋ ಯಾರಿಗೂ ತಿಳಿಯದು. ಖಿನ್ ಜೈಲಿನಿಂದ ಹೇಳಿಕಳಿಸಿದ ಮಾತು ಒಂದೇ: ಅಂಕಲ್‌ಗೆ ತಿಳಿಸಿ, ಒಬ್ಬ.

ಆ ಸತ್ತ ಇಬ್ಬರ ಹೆಸರು ನನಗೆ ಗೊತ್ತಿಲ್ಲ. ದಿನಾ ಬೆಳಿಗ್ಗೆ ಕಪಿಲೆಯ ದಂಡೆಯಲ್ಲಿ ನಿಂತಾಗ ಹೆಸರಿಲ್ಲದ ಅವರಿಬ್ಬರೂ, ಆ ಒಬ್ಬನೂ ನನ್ನ ಜೊತೆ ನಿಲ್ಲುತ್ತಾರೆ. ಯಾರ ಲೆಕ್ಕ ದೊಡ್ಡದು ಅಂತ ಹೇಳಲು ನನ್ನ ಕೈಲಾಗುವುದಿಲ್ಲ.

ಮೊನ್ನೆ ಆ ವಾಸನೆ ಬಂದ ಕೂಡಲೇ ಕಂಡಕ್ಟರಿಗೆ ಹೇಳಿ ಇಳಿದೆ. ಈ ಮಾಗಿಗೆ ಹೊಸದಾಗಿ ಐದು ಜನ ಬಂದಿದ್ದಾರೆ ಅಂತ ರಾಜಮ್ಮ ಫೋನು ಮಾಡಿದ್ದಳು. ಖಿನ್ ಇನ್ನೂ ಜೈಲಿನಲ್ಲೇ ಇದ್ದಾಳೆ. ಕಣದಲ್ಲಿ ಐವರೂ ಕೈಗೆ ಕೈ ಸೇರಿಸಿ ಕೂತಿದ್ದರು. ಪಕ್ಕದಲ್ಲಿ ಜಲ್ಲೆಯ ಹೊರೆ. ಬುಡವನ್ನೆಲ್ಲ ರಾಜಮ್ಮ ತಾನೇ ಕೂತು ಮಚ್ಚಿನಿಂದ ಕಡಿದು ಒಲೆಗೆ ಹಾಕಿದ್ದಳು. ನಾನು ಒಂದು ಜಲ್ಲೆ ಎತ್ತಿಕೊಂಡೆ. ಅವಳು ಅಡ್ಡ ಬಂದು ನಿಂತು ಆ ಸೊಟ್ಟ ಕೈಯನ್ನು ನನ್ನ ಮುಖದ ಮುಂದೆ ಚಾಚಿದಳು.

"ಮೊದ್ಲು ಮಾತು ಸಾ, ಆಮ್ಯಾಕೆ ಜಲ್ಲೆ."

ಜಲ್ಲೆ ಕೆಳಗಿಟ್ಟೆ. ಅವಳ ಕೈಯನ್ನು ಅವರೆಲ್ಲರಿಗೂ ಕಾಣುವ ಹಾಗೆ ನನ್ನ ಕೈಯಲ್ಲಿ ಹಿಡಿದುಕೊಂಡೆ.

"ಇದನ್ನ ಮುರಿದೋನು ನಾನು," ಎಂದೆ.